ಕೈತುತ್ತು

ಬಲಗೈ ತೊಳೆಯಬೇಕಿತ್ತು. ಹೊನ್ನಾವರದ ಆಸ್ಪತ್ರೆಯ ಕ್ಯಾಶುವಾಲ್ಟಿಯ ಹೊರಗೆ, ಬೆಂಚಿನ ತುದಿಯಲ್ಲಿ ಕೂತ ವಿನುತಾ ಆ ಕೈಯನ್ನು ಬೇರೆ ಯಾರದೋ ಎಂಬಂತೆ ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು. ಬೆರಳ ಸಂದಿಯಲ್ಲಿ ಅನ್ನದ ಅಗುಳು ಒಣಗಿ ಅಂಟಿಕೊಂಡಿತ್ತು, ಬಂಗಡೆ ಸಾರಿನ ಹಳದಿ ಉಗುರಿನ ಬುಡಕ್ಕೆ ಇಳಿದಿತ್ತು. ಮಧ್ಯಾಹ್ನ ಊಟದ ನಡುವೆ ಅತ್ತೆ ಕಣ್ಣು ಮೇಲೆ ಮಾಡಿ ಮಣೆಯಿಂದ ಪಕ್ಕಕ್ಕೆ ಉರುಳಿದಾಗ, ಅಡಿಗೆಮನೆಯ ಹೊಸ್ತಿಲಿಗೆ ಹಣೆ ಬಡಿದು ರಕ್ತ ಬಂದಾಗ, ಬಾಯಲ್ಲಿ ಉಳಿದ ಅನ್ನ ಉಸಿರಿಗೆ ಅಡ್ಡವಾದೀತೆಂದು ಇವಳೇ ಬೆರಳು ಹಾಕಿ ತೆಗೆದಿದ್ದಳು. ನಲ್ಲಿ ಎದುರಿಗೇ ಇತ್ತು. ಸರಿಯಾಗಿ ತಿರುಗಿಸದೆ ಹೋದವರ ಪುಣ್ಯದಿಂದ ಹನಿ ಹನಿಯಾಗಿ ಬೀಳುತ್ತಲೂ ಇತ್ತು. ಎದ್ದು ಹೋಗಿ ತೊಳೆದರೆ ಬೆಂಚಿನ ಆ ತುದಿಯಲ್ಲಿ ಕೂತ ಮಾಲತಿ ಅತ್ತಿಗೆ, ಗಂಡನ ಅಕ್ಕ, ನೋಡುತ್ತಾಳೆ. ನೋಡಿ ಈಗ ಏನೂ ಅನ್ನುವುದಿಲ್ಲ. ನಾಳೆ ಬಾಡಕ್ಕೆ, ತನ್ನ ಗಂಡನ ಮನೆಗೆ ಹೋದ ಮೇಲೆ, ಅಲ್ಲಿಯ ಹೆಂಗಸರ ಎದುರು, ಆಸ್ಪತ್ರೆಗೆ ಬಂದವಳೇ ಮೊದಲು ಕೈ ತೊಳೆದುಕೊಂಡಳು ಎನ್ನುತ್ತಾಳೆ. ತೊಳೆಯದಿದ್ದರೆ ಅಷ್ಟು ಹೊತ್ತು ಎಂಜಲು ಕೈಯಲ್ಲಿ ಕೂತಿದ್ದಳು, ಮನುಷ್ಯಳೇ ಅವಳು ಎನ್ನುತ್ತಾಳೆ. ಊರ ಬಾಯಿ ಮುಚ್ಚಲಾದೀತೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಊರ ಬಾಯಿ ತನ್ನ ಮನೆಯೊಳಗೇ ಮಣೆ ಹಾಕಿ ಕೂತಾಗ ಏನು ಮಾಡಬೇಕೆಂದು ಅವರು ಯಾರೂ ಹೇಳಿರಲಿಲ್ಲ.

ಮಾಲತಿಯ ತೊಡೆಯ ಮೇಲೆ ಸ್ಟೀಲಿನ ಡಬ್ಬಿ ಇತ್ತು. ಅತ್ತೆಯನ್ನು ಆಟೋಕ್ಕೆ ಎತ್ತುವ ಗಡಿಬಿಡಿಯಲ್ಲಿ, ಪಕ್ಕದ ಮನೆಯವರು ನೀರು ತಾ, ಬಟ್ಟೆ ತಾ ಎಂದು ಕೂಗುತ್ತಿದ್ದಾಗ, ಮಾಲತಿ ಒಳಗೆ ಹೋಗಿ ಮಡಕೆಯ ಅನ್ನವನ್ನೂ ಸಾರನ್ನೂ ಆ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಟವೆಲ್ಲಿನಲ್ಲಿ ಕಟ್ಟಿಕೊಂಡಿದ್ದಳು. ಆಟೋ ಅವರ ಊರು ಕರ್ಕಿ ದಾಟಿ ಹೆದ್ದಾರಿಗೆ ಬಂದ ಮೇಲೆ ವಿನುತಾಳಿಗೆ ಅದು ಕಣ್ಣಿಗೆ ಬಿತ್ತು. ಅತ್ತೆಗೆ ಆಮೇಲೆ ಉಣಿಸಲಿಕ್ಕೆ ಇರಬೇಕು, ಎಷ್ಟಾದರೂ ಹೆತ್ತ ಮಗಳು, ಅವಸರದಲ್ಲೂ ನೆನಪಿಟ್ಟಳು ಎಂದು ಒಂದು ಕ್ಷಣ ಅವಳಿಗೆ ಮೆಚ್ಚುಗೆಯೂ ಆಗಿತ್ತು. ಆ ಮೆಚ್ಚುಗೆಯನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಮಾಲತಿ ನರ್ಸಮ್ಮನಿಗೆ ಹೇಳಿದ್ದು ಇವಳಿಗೂ ಕೇಳಲಿ ಎಂಬಷ್ಟು ಗಟ್ಟಿಯಾಗಿಯೇ ಇತ್ತು. "ಇದ್ನೇ ಉಂಡು ಬಿದ್ದದ್ದು ನಮ್ಮಮ್ಮ. ಟೆಸ್ಟಿಗೆ ಎಲ್ಲಿ ಕೊಡೂದು ಹೇಳಿ."

ಒಳಗೆ ಹಸಿರು ಪರದೆಯ ಹಿಂದೆ ಈರಮ್ಮತ್ತೆಯ ಹಣೆಗೆ ಹೊಲಿಗೆ ಹಾಕುತ್ತಿದ್ದರು. ಅತ್ತೆ ನರಳುತ್ತಿರಲಿಲ್ಲ. ಎಂದೂ ನರಳಿದವಳಲ್ಲ. ಮಳೆಗಾಲದಲ್ಲಿ ಸಸಿ ನೆಡುವವಳು, ಬೇಸಿಗೆಯಲ್ಲಿ ತೆಂಗಿನ ಮಡಲು ಹೆಣೆಯುವವಳು, ದುಡಿದು ಬಂದು ಕೂತರೆ ಊಟ ಒಂದೇ ಅವಳ ಸುಖ. ಕುಚ್ಚಲಕ್ಕಿ ಅನ್ನವನ್ನು ಸಾರಿನಲ್ಲಿ ಕಲಸಿ, ನಿಂಬೆಹಣ್ಣಿಗಿಂತ ದೊಡ್ಡ ಉಂಡೆ ಮಾಡಿ, ಹೆಬ್ಬೆರಳಿನಿಂದ ಬಾಯಿಗೆ ದೂಡಿ, ಹಲ್ಲಿಲ್ಲದ ಒಸಡಿನಲ್ಲಿ ಅಗಿದಂತೆ ಮಾಡಿ ನುಂಗಿಬಿಡುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ವಿನುತಾ ಅದನ್ನು ಬೆರಗಿನಿಂದ ನೋಡಿದ್ದಳು, ಸ್ವಲ್ಪ ಅಸಹ್ಯದಿಂದ ಕೂಡ. ಶಿರಾಲಿಯ ತವರಿನಲ್ಲಿ ಅವಳ ಅಮ್ಮ ಹಕ್ಕಿಯ ಹಾಗೆ ಹೆಕ್ಕಿ ತಿನ್ನುತ್ತಿದ್ದಳು, ಹಾಗೆ ತಿಂದೂ ತಿಂದೂ ಒಂದು ದಿನ ಸತ್ತೂ ಹೋದಳು. ಈಗ ತವರೆಂದರೆ ಅಣ್ಣ ವಿನೋದ, ಅವನ ಹೆಂಡತಿ, ಫೋನ್ ಮಾಡಿದರೆ "ಹೊಂದ್ಕೊಂಡು ಹೋಗು ಮಾರಾಯ್ತಿ" ಎಂಬ ಅವಳ ಮಾತು. ಎಸ್.ಟಿ.ಡಿ. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು, ಹೊರಗೆ ಕಾಯುತ್ತಿರುವವರಿಗೆ ಬೆನ್ನು ಮಾಡಿ, ನನ್ನ ಮೇಲೆ ಹೀಗೊಂದು ಸಂಶಯ ಬಂದಿದೆ ಎಂದು ಹೇಳಬೇಕೆಂದು ಹೋದವಳು ಅಲ್ಲಿ ಮಳೆ ಹೇಗಿದೆ ಎಂದು ಕೇಳಿ ಬಂದಿದ್ದಳು.

ಸಂಶಯ ಶುರುವಾದದ್ದು ಎಲ್ಲಿಂದ ಎಂದು ಈಗ ಯಾರೂ ಹೇಳಲಾರರು. ಅತ್ತೆ ಮೊದಲು ಬಿದ್ದಾಗ ಬಿಸಿಲು ಎಂದರು. ಮತ್ತೆ ಬಿದ್ದಾಗ ಪಿತ್ತ ಎಂದು ಕೊತ್ತಂಬರಿ ನೀರು ಕುಡಿಸಿದರು. ಮೂರನೆಯ ಸಲಕ್ಕೆ ಪಕ್ಕದ ಮನೆಯ ಶ್ರೀಮತಿ, ಗದ್ದೆಯಲ್ಲಿ ಬೀಳೂದಿಲ್ಲ, ಬಸ್ಸಲ್ಲಿ ಬೀಳೂದಿಲ್ಲ, ಉಂಬೂಕೆ ಕೂತಾಗಲೇ ಬೀಳೂದು ಎಂತಕ್ಕೆ ಎಂದಳು. ಕೇಳಬಾರದ ಪ್ರಶ್ನೆಯೇನಲ್ಲ. ಆಮೇಲೆ ಮಾಲತಿ ಬಂದು ತಾಯಿಯನ್ನು ಬಾಡಕ್ಕೆ ಕರೆದುಕೊಂಡು ಹೋದಳು. ಅಲ್ಲಿದ್ದಷ್ಟು ದಿನ ಈರಮ್ಮತ್ತೆ ಒಮ್ಮೆಯೂ ಬೀಳಲಿಲ್ಲ. ಕಡಲ ಗಾಳಿಗೆ ಕೂತಳು, ಮೊಮ್ಮಕ್ಕಳಿಗೆ ಎಣ್ಣೆ ಹಚ್ಚಿದಳು, ಕುಮಟೆಯ ಪೇಟೆಗೆ ಹೋಗಿ ಬಂದಳು. ಕರ್ಕಿಗೆ ವಾಪಸು ಬಂದ ದಿನ, ವಿನುತಾ ಖುಷಿಯಿಂದ ಸಿಗಡಿ ಹುರಿದು ಬಡಿಸಿದ ಊಟಕ್ಕೆ ಕೂತವಳು ಮೊದಲ ಕೆಲವು ತುತ್ತಿನಲ್ಲೇ ಬಾಳೆಲೆಯ ಮೇಲೆ ಮುಖ ಅಡಿಯಾಗಿ ಬಿದ್ದಳು. ಮಾಲತಿ ಅಲ್ಲೇ ಇದ್ದಳು. ಅವಳು ತಾಯಿಯನ್ನು ಎತ್ತುವ ಮೊದಲು ವಿನುತಾಳನ್ನು ನೋಡಿದ ಆ ನೋಟ. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಊಟದಲ್ಲಿ ಮದ್ದು ಹಾಕುವುದು ಈ ಸೀಮೆಯಲ್ಲಿ ಹೊಸ ಮಾತಲ್ಲ. ವಿಷವಲ್ಲ ಅದು, ಕೂಡಲೇ ಕೊಲ್ಲುವುದಿಲ್ಲ. ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆ, ಬೀಳಿಸುತ್ತದೆ, ಹಾಕಿದವರ ಮಾತು ಕೇಳುವ ಹಾಗೆ ಮಾಡುತ್ತದೆ ಎನ್ನುತ್ತಾರೆ. ಸಣ್ಣವಳಿದ್ದಾಗ ವಿನುತಾಳೂ ಅಂಥ ಹೆಂಗಸರ ಕಥೆ ಕೇಳಿ ಅವರ ಮನೆ ಎದುರು ಉಸಿರು ಬಿಗಿಹಿಡಿದು ದಾಟುತ್ತಿದ್ದಳು. ಈಗ ಶ್ರೀಮತಿಯ ಮಗಳು ತನ್ನ ಕೈಯಿಂದ ಬೆಲ್ಲದ ಚೂರು ತೆಗೆದುಕೊಳ್ಳದೆ ಕೈ ಬೆನ್ನ ಹಿಂದೆ ಕಟ್ಟಿಕೊಂಡದ್ದು ನೋಡಿದಾಗ, ಆ ಮನೆ ಯಾವುದು ಎಂದು ಅವಳಿಗೆ ತಿಳಿಯಿತು.

ಗೇರುಸೊಪ್ಪೆ ದಾರಿಯಲ್ಲಿ ಮದ್ದು ತೆಗೆಸುವವಳು ಒಬ್ಬಳಿದ್ದಾಳೆ, ದುರ್ಗಿ ಎಂದು. ಗಂಡ ನರೇಶ ಮತ್ತು ಮಾಲತಿ ಅತ್ತೆಯನ್ನು ಅಲ್ಲಿಗೆ ಕರೆದೊಯ್ದದ್ದು ವಿನುತಾಳಿಗೆ ಗೊತ್ತಾದದ್ದು ಶ್ರೀಮತಿಯಿಂದ. ಇಡಗುಂಜಿಗೆ ಹೋಗಿ ಬತ್ತೆವು ಎಂದು ಹೇಳಿ ಹೋಗಿದ್ದರು. ನಂಬಿ ಇವಳು ದೇವರ ಕಾಣಿಕೆಯೆಂದು ತನ್ನ ದುಡ್ಡನ್ನೂ ಕೊಟ್ಟು ಕಳಿಸಿದ್ದಳು. ದುರ್ಗಿ ಏನನ್ನೋ ಕುಡಿಸಿ ವಾಂತಿ ಮಾಡಿಸಿ, ಅದರಲ್ಲಿ ಕೂದಲಿನಂಥದೊಂದು ಉಂಡೆಯನ್ನು ಕೋಲಿನಲ್ಲಿ ಎತ್ತಿ ತೋರಿಸಿದಳಂತೆ. ಯಾರು ಹಾಕಿದ್ದು ಎಂದರೆ ಹೆಸರು ಹೇಳಲಿಲ್ಲವಂತೆ, ದಿನಾ ಅನ್ನ ನೀಡುವ ಕೈ ಎಂದಳಂತೆ. ಅತ್ತೆ ಆ ಸಂಜೆ ಬಂದು, ಬಿಳಿಚಿಕೊಂಡ ಮುಖದಲ್ಲಿ ಜಗಲಿಯ ಮೇಲೆ ಕೂತು, "ಹಸಿವಾಗ್ತದೆ ವಿನುತಾ, ಎಂತ ಉಂಟು" ಎಂದಿದ್ದಳು. ಮಗ ಮಗಳು ಇಬ್ಬರ ಎದುರೇ ಗಂಜಿ ಹಾಕಿಸಿಕೊಂಡು ಕುಡಿದಳು. ಅದು ನಂಬಿಕೆಯೋ ಬರೀ ಹಸಿವೋ ವಿನುತಾಳಿಗೆ ತಿಳಿದಿರಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಅತ್ತೆಯೂ ತಾನಾಗಿ ಹೇಳುವವಳಲ್ಲ, ಅವಳ ಬಾಯಿ ಊಟಕ್ಕೆ ತೆರೆದಷ್ಟು ಮಾತಿಗೆ ತೆರೆಯುತ್ತಿರಲಿಲ್ಲ.

ನರೇಶನ ವಿಷಯ ಬೇರೆ. ಅವನು ಭಟ್ಕಳದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಗಳ ಜೊತೆ ಕೊಂಕಣಿ, ನವಾಯತಿ, ಉರ್ದು ಎಲ್ಲ ನೀರು ಕುಡಿದ ಹಾಗೆ ಆಡುವವನು ಮನೆಗೆ ಬಂದರೆ ಕನ್ನಡದಲ್ಲಿ ಎರಡು ಮಾತಿಗೂ ತಡವರಿಸುತ್ತಿದ್ದ. ಮೊದಲು ಬುತ್ತಿ ಒಯ್ಯುವುದನ್ನು ಬಿಟ್ಟ. ಅಂಗಡಿಯಲ್ಲೇ ಊಟದ ವ್ಯವಸ್ಥೆ ಆಗಿದೆ ಎಂದ. ಆಮೇಲೆ ರಾತ್ರಿ ಹಸಿವಿಲ್ಲ ಎನ್ನಲು ಶುರು ಮಾಡಿದ. ಒಮ್ಮೊಮ್ಮೆ ಕೂತರೂ ತಟ್ಟೆಯ ಅನ್ನವನ್ನು ಬೆರಳಲ್ಲಿ ಕೆದಕುತ್ತ, "ನೀನೂ ಕೂತ್ಕ, ಒಟ್ಟಿಗೇ ಉಂಬ" ಎನ್ನುತ್ತಿದ್ದ. ಅವಳಿಗೆ ಮೊದಲ ದಿನ ಕಣ್ಣಲ್ಲಿ ನೀರು ಬಂದಿತ್ತು. ಗಂಡ ಹಾಗೆ ಕರೆದದ್ದೇ ಇಲ್ಲ. ತಟ್ಟೆ ಹಾಕಿಕೊಂಡು ಕೂತು, ಮೊದಲ ತುತ್ತು ನುಂಗಿ ತಲೆ ಎತ್ತಿದರೆ ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ಅವಳು ನುಂಗಿದ ಮೇಲೆ ಅವನು ಕೈ ಬಾಯಿಗೆ ಒಯ್ದ. ಆ ಅನ್ನವನ್ನು ಅವಳು ಹೇಗೆ ಮುಗಿಸಿದಳೋ, ಆ ಪಾಡು ಯಾರಿಗೂ ಬೇಡ.

ಎಲ್ಲಕ್ಕಿಂತ ಕೆಟ್ಟದ್ದು ಇದೂ ಅಲ್ಲ. ಅತ್ತೆ ಮೊಟ್ಟಮೊದಲು ಬಿದ್ದ ದಿನ, ಸಾರಿಗೆ ಹುಳಿ ಸಾಕಾಗಿಲ್ಲ, ನಿನ್ನ ತವರಲ್ಲಿ ಹೀಗೇ ತಿಂತಿದ್ರಾ ಎಂದು ಅತ್ತೆ ಅಂದದ್ದಕ್ಕೆ, ವಿನುತಾ ಬೆನ್ನು ತಿರುಗಿಸಿ ಒಲೆಯ ಕಡೆ ನೋಡುತ್ತ, ಗಂಟಲಿಗೆ ಸಿಕ್ಕಿ ಬೀಳಬಾರದೇ ಈ ಮುದುಕಿ ಎಂದುಕೊಂಡಿದ್ದಳು. ಸೊಸೆಯಾದವಳು ದಿನಕ್ಕೊಮ್ಮೆ ಅಂದುಕೊಳ್ಳುವಂಥದ್ದೇ. ಅಂದುಕೊಂಡು ತಿರುಗುವಷ್ಟರಲ್ಲಿ ಅತ್ತೆ ಬಿದ್ದಿದ್ದಳು. ಅಂದಿನಿಂದ ಅವಳು ಬಡಿಸುವಾಗ ಮನಸ್ಸಿಗೆ ಕಾವಲು ಹಾಕಿ ನಿಲ್ಲುತ್ತಿದ್ದಳು, ಅತ್ತೆ ಚೆನ್ನಾಗಿರಲಿ, ಅತ್ತೆ ಚೆನ್ನಾಗಿರಲಿ ಎಂದು ಒಳಗೇ ಜಪಿಸುತ್ತಿದ್ದಳು. ಆದರೂ ಅತ್ತೆ ಬೀಳುತ್ತಿದ್ದಳು. ಕೈಯಲ್ಲಿ ಮದ್ದಿಲ್ಲ ಎಂದು ಅವಳಿಗೆ ಗೊತ್ತು, ಮನಸ್ಸಿನಲ್ಲಿ ಇಲ್ಲ ಎಂದು ಹೇಳಲು ಗೊತ್ತಿರಲಿಲ್ಲ. ಎಲ್ಲರೂ ಸೇರಿ ಒಂದು ಮಾತನ್ನು ನಂಬಿದರೆ ಅದರಲ್ಲಿ ಒಂದು ಪಾಲು ನಿನಗೂ ಬಂದೇ ಬರುತ್ತದೆ. ಈ ಬೆಂಚಿನ ಮೇಲೆ ಕೂತು, ಒಣಗಿದ ಬೆರಳುಗಳನ್ನು ನೋಡುತ್ತ, ಅವಳಿಗೆ ತನ್ನ ಕೈಯ ಮೇಲೆ ಭಯವಾಯಿತು.

"ಈರಮ್ಮನ ಮಂದಿ ಯಾರು? ಒಳಗ ಬರ್ರಿ."

ಡಾಕ್ಟರು ಎಳೆಯ ವಯಸ್ಸಿನವನು, ಗದಗಿನ ಕಡೆಯವನಿರಬೇಕು. ಕಣ್ಣಲ್ಲಿ ನಿದ್ದೆ ಇತ್ತು, ಅಂಗಿಯ ಮೇಲೆ ಚಹದ ಕಲೆ ಇತ್ತು. ಅತ್ತೆಯ ಹಣೆಗೆ ಬಿಳಿ ಪಟ್ಟಿ, ಮುರಿಯದಿದ್ದರೂ ಉಳುಕಿದ ಬಲಗೈಗೆ ಇನ್ನೊಂದು ಪಟ್ಟಿ, ಎದೆಯ ಮೇಲೆ ಅಂಟಿಸಿದ ತಂತಿಗಳು. ತಲೆಯ ಹತ್ತಿರದ ಯಂತ್ರದಲ್ಲಿ ಹಸಿರು ಗೆರೆಯೊಂದು ಏರಿಳಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಮಾಲತಿ ಮಾತಿಗೆ ಮೊದಲು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. ಅವನು ಅದನ್ನೂ ಅವಳನ್ನೂ ನೋಡಿದ.

"ಏನ್ರಿ ಇದು, ನನಗ ಊಟಾನ?"

"ಅಲ್ಲ ಡಾಕ್ಟ್ರೇ. ಇದ್ರಲ್ಲಿ ಎಂತ ಉಂಟು ಹೇಳಿ ನೋಡ್ಬೇಕು. ಇದ್ನ ಉಂಡ್ರೇ ಬೀಳೂದು. ನಮ್ಮನೇಲಿ ಇದ್ದಾಗ ಒಂದು ದಿನವೂ ಬೀಳ್ಲಿಲ್ಲ. ಇವ್ಳು ನೀಡಿದ್ದು ಉಂಡ್ರೆ ಮಾತ್ರ."

ವಿನುತಾ ಗೋಡೆಯ ಕಡೆ ನೋಡಿದಳು. ಇಷ್ಟು ದಿನ ಕಣ್ಣಲ್ಲಿ, ಬೆನ್ನ ಹಿಂದೆ ಇದ್ದದ್ದು ಈಗ ಬಾಯಿಂದ ಬಂದು, ಪರಊರಿನ ಗಂಡಸಿನ ಎದುರು, ಫಿನಾಯಿಲ್ ವಾಸನೆಯ ಕೋಣೆಯಲ್ಲಿ ನಿಂತಿತ್ತು. ಡಾಕ್ಟರು ಮಾತ್ರ ಉಳಿದದ್ದೆಲ್ಲ ಬಿಟ್ಟು ಒಂದನ್ನೇ ಹಿಡಿದ. "ಉಣ್ಣುವಾಗ ಬೀಳ್ತಾರ? ಪ್ರತಿ ಸಲ ಉಣ್ಣುವಾಗನ?" ಅವನ ನಿದ್ದೆ ಸ್ವಲ್ಪ ಹಾರಿದಂತಿತ್ತು. "ಉಂಡ ಮ್ಯಾಲೋ, ನುಂಗುವಾಗೋ?"

ಮಾಲತಿಗೆ ಅದು ಗೊತ್ತಿರಲಿಲ್ಲ. "ನುಂಗುವಾಗ," ಎಂದಳು ವಿನುತಾ. ಅಲ್ಲಿಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. "ದೊಡ್ಡ ತುತ್ತು ನುಂಗುವಾಗ."

ಅವನು ಕುರ್ಚಿ ಎಳೆದುಕೊಂಡು ಕೂತ. ಮನುಷ್ಯ ಎಂತೆಂಥದಕ್ಕ ಎಚ್ಚರ ತಪ್ಪಿ ಬೀಳ್ತಾನ ಗೊತ್ತೇನ್ರಿ ಎಂದು, ಕೇಳುವವರಿಗಿಂತ ತನಗೇ ಹೇಳಿಕೊಂಡಂತೆ ಶುರು ಮಾಡಿದ. ಒಬ್ಬಂವ ಕೆಮ್ಮಿ ಕೆಮ್ಮಿ ಬೀಳ್ತಾನ, ಒಬ್ಬಂವ ನಕ್ಕು ನಕ್ಕು ಬೀಳ್ತಾನ. ಒಬ್ಬಂವ ಅಂಗಿ ಗುಂಡಿ ಬಿಗಿ ಹಾಕ್ಕೊಂಡು ಹೊಳ್ಳಿ ನೋಡಿದ್ರ ಸಾಕು, ಕುತ್ತಿಗಿ ನರ ಒತ್ತಿ ಬೀಳ್ತಾನ. ಮೊನ್ನೆ ಒಬ್ಬ ಹುಡಿಗಿ ತಲಿ ಬಾಚಿಸಿಕೊಳ್ಳುವಾಗ ಬಿದ್ಲು. ಹಂಗ ನುಂಗಿದಾಗ ಬೀಳವ್ರೂ ಅದಾರಂತ, ಲಕ್ಷಕ್ಕೊಬ್ರು. ಕಾಲೇಜಿನ್ಯಾಗ ಕೇಳಿದ್ದೆ, ಕಣ್ಣಲೆ ಕಂಡಿಲ್ಲ. ಅನ್ನನಾಳದ ನರ ಹೋಗಿ ಹೃದಯಕ್ಕ ನಿಲ್ಲು ಅಂತದ. ಹೃದಯ ಪಾಪ, ಮಾತು ಕೇಳಿ ನಿಲ್ತದ. "ತಂತಿ ಹಚ್ಚೇ ಅದ. ಇಲ್ಲೇ ಉಣಿಸಿ ನೋಡೂಣು. ಹೆದರಬ್ಯಾಡ್ರಿ, ಇಂಜೆಕ್ಷನ್ ಕೈಯಾಗ ಹಿಡಿದಿರ್ತೀನಿ. ನಿಮ್ಮ ಡಬ್ಬೀನ ಉಪಯೋಗ ಆತು ನೋಡ್ರಿ."

ಬೀಳದಿದ್ದರೆ ಎಂದು ವಿನುತಾ ಕೇಳಲಿಲ್ಲ.

"ನಾ ಉಣಿಸ್ತೆ," ಎಂದು ಮಾಲತಿ ಮುಂದೆ ಬಂದಳು. ನರ್ಸು ಹಾಸಿಗೆಯ ತಲೆಭಾಗ ಎತ್ತಿ ಅತ್ತೆಯನ್ನು ಕೂರಿಸಿದಳು. ಮಾಲತಿ ಸಣ್ಣ ಸಣ್ಣ ತುತ್ತು ಮಾಡಿ, ಮೀನಿನ ಮುಳ್ಳು ಬಿಡಿಸಿ, ಮಕ್ಕಳಿಗೆ ಕೊಡುವಂತೆ ಕೊಟ್ಟಳು. ಅತ್ತೆ ಒಸಡಿನಲ್ಲಿ ಅಗಿದು, ನಿಧಾನ ನುಂಗಿದಳು. ಟಿಕ್ ಟಿಕ್. ಇನ್ನೊಂದು. ಟಿಕ್ ಟಿಕ್. ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಮಾಲತಿಯ ಮುಖ ಅರಳುತ್ತ ಬಂತು. ತಾಯಿ ಬೀಳಲಿಲ್ಲ ಎಂಬ ಸಂತೋಷವೋ, ತನ್ನ ಕೈಯಿಂದ ಬೀಳಲಿಲ್ಲ ಎಂಬ ಸಂತೋಷವೋ, ಎರಡೂ ಒಂದೇ ಬಟ್ಟಲಲ್ಲಿ ಇದ್ದಂತಿತ್ತು. "ನೋಡಿದ್ರಾ ಡಾಕ್ಟ್ರೇ? ಇದೇ ಅನ್ನ. ಇವ್ಳ ಕೈಂದ ತಿಂದ್ರೆ ಮಾತ್ರ." ಡಾಕ್ಟರು ಕೈಗಡಿಯಾರ ನೋಡಿದ. ಬಾಗಿಲಲ್ಲಿ ಇನ್ನೊಂದು ಸ್ಟ್ರೆಚರು ಬಂದು ನಿಂತಿತ್ತು, ಬೈಕಿನಿಂದ ಬಿದ್ದವನೊಬ್ಬ ಅಯ್ಯೋ ಎನ್ನುತ್ತಿದ್ದ. ಈಗ ಇವನು ಎದ್ದು ಹೋಗುತ್ತಾನೆ, ಆಮೇಲೆ ಈ ಹೆಸರು ತಾನು ಸಾಯುವ ತನಕ, ಸತ್ತ ಮೇಲೂ, ಕರ್ಕಿಯಿಂದ ಬಾಡದವರೆಗೆ ಇರುತ್ತದೆ ಎಂದು ವಿನುತಾಳಿಗೆ ಸ್ಪಷ್ಟವಾಗಿ ಕಂಡಿತು.

"ಅವ್ರು ಹೀಂಗೆ ಉಂಬೂದಲ್ಲ," ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಮನೇಲಿ ಹೀಂಗೆ ಉಂಬೂದಲ್ಲ."

"ಹಂಗಾರ ನೀವು ಕೊಡ್ರಿ. ಮನ್ಯಾಗ ಹೆಂಗೋ ಹಂಗ."

ತೊಳೆಯದ ಕೈಯನ್ನು ಅವಳು ಡಬ್ಬಿಗೆ ಹಾಕಿದಳು. ಯಾರೂ ಬೇಡವೆನ್ನಲಿಲ್ಲ. ತಣ್ಣಗಾದ ಕುಚ್ಚಲಕ್ಕಿ ಅನ್ನವನ್ನು ಸಾರಿನಲ್ಲಿ ಒತ್ತಿ, ಅತ್ತೆಯ ಕೈ ಮಾಡುವುದನ್ನು ದಿನಾ ನೋಡಿದ ಕಣ್ಣಳತೆಯಲ್ಲಿ ಉಂಡೆ ಕಟ್ಟಿದಳು. ಅತ್ತೆ ಚೆನ್ನಾಗಿರಲಿ ಎಂಬ ಜಪ ಅಭ್ಯಾಸದಿಂದ ನಾಲಿಗೆಗೆ ಬಂತು, ಅಲ್ಲೇ ನಿಂತಿತು. ಅತ್ತೆ ಚೆನ್ನಾಗಿದ್ದರೆ ತಾನು ಕೆಟ್ಟಂತೆ. ಬೀಳಲಿ ಎಂದುಕೊಂಡಳು. ಒಲೆಯ ಕಡೆ ತಿರುಗಿ ಸಿಟ್ಟಿನಲ್ಲಿ ಅಂದುಕೊಂಡ ಹಾಗಲ್ಲ. ಈಗ ಸಿಟ್ಟಿರಲಿಲ್ಲ. ಎದುರಿಗೆ ಕೂತ ಮುದುಕಿಯ ಮುಖ ನೋಡಿಕೊಂಡೇ, ಹಣೆಯ ಪಟ್ಟಿಯಲ್ಲಿ ಮೂಡುತ್ತಿದ್ದ ಕೆಂಪು ನೋಡಿಕೊಂಡೇ, ದೇವರೇ ಇವಳು ಬೀಳಲಿ, ಈಗ ಬೀಳಲಿ, ಇವರೆಲ್ಲರ ಎದುರು ಬೀಳಲಿ ಎಂದು ಮನಸಾರೆ ಬೇಡಿಕೊಂಡಳು. ಇಂಥ ಬೇಡಿಕೆಯೇ ಮದ್ದು ಎನ್ನುವುದಾದರೆ ದುರ್ಗಿ ಹೇಳಿದ್ದು ಸುಳ್ಳಲ್ಲ. ಅತ್ತೆ ಅವಳನ್ನು ನೋಡಿದಳು. ಯಾವಾಗಲೂ ಎಲೆಯ ಮೇಲೇ ಇರುವ ಕಣ್ಣು, ಇವತ್ತು ಸೊಸೆಯ ಮುಖದ ಮೇಲೆ ತಡೆದು ನಿಂತಿತು. ಆಮೇಲೆ ಬಾಯಿ ತೆರೆದಳು, ಉಂಡೆ ಪೂರಾ ಹಿಡಿಯುವಷ್ಟು. ವಿನುತಾ ಹೆಬ್ಬೆರಳಿನಿಂದ ಅದನ್ನು ಒಳಗೆ ದೂಡಿದಳು. ಗಂಟಲು ಉಬ್ಬಿತು, ಇಳಿಯಿತು.

ಟಿಕ್. ಟಿಕ್. ಆಮೇಲೆ ಇಲ್ಲ.

ಹಸಿರು ಗೆರೆ ಚಪ್ಪಟೆಯಾಗಿ ಹರಿಯಿತು. ಅತ್ತೆಯ ಕಣ್ಣು ಮೇಲಕ್ಕೆ ಸರಿದು ಬರೀ ಬಿಳಿ ಉಳಿಯಿತು, ತಲೆ ವಿನುತಾಳ ತೋಳಿಗೆ ಒರಗಿತು. ಮಾಲತಿ ಕಿರುಚಿದಳು. "ಬಂತ್, ಬಂತ್ ನೋಡ್ರಿ!" ಎಂದು ಕೂಗಿದ ಡಾಕ್ಟರು ಪರೀಕ್ಷೆ ಪಾಸಾದ ಹುಡುಗನ ಹಾಗಿದ್ದ. ಸಿರಿಂಜು ಎತ್ತಿದ ಅವನ ಕೈ ಅಲ್ಲೇ ಇತ್ತು, ಅಷ್ಟರಲ್ಲಿ ಗೆರೆ ಒಮ್ಮೆ ಕುಪ್ಪಳಿಸಿ, ತಡೆದು, ಮತ್ತೆ ಕುಪ್ಪಳಿಸಿ ನಡೆಯತೊಡಗಿತು. ಆ ನಡುವಿನ ಹೊತ್ತು ವಿನುತಾ ಅತ್ತೆಯ ಭಾರವನ್ನು ತೋಳಿನಲ್ಲಿ ಹೊತ್ತು ನಿಂತಿದ್ದಳು. ಗೆದ್ದೆ ಎಂದು ಅನಿಸಿತು. ಅನಿಸಿದ್ದು ನಿಜ, ಅದನ್ನು ಆಮೇಲೆ ಎಷ್ಟು ತಿರುವಿ ಹಾಕಿದರೂ ಬೇರೆ ಮಾಡಲಾಗಲಿಲ್ಲ.

ಯಂತ್ರದಿಂದ ಹರಿದ ಕಾಗದವನ್ನು ಡಾಕ್ಟರು ಮಾಲತಿಯ ಮೂಗಿನ ಹತ್ತಿರ ಹಿಡಿದ. "ಅನ್ನದಾಗ ಏನೂ ಇಲ್ಲವಾ ತಾಯಿ. ನುಂಗೂದರಾಗ ಐತಿ. ಮಣಿಪಾಲಕ್ಕ ಬರದು ಕೊಡ್ತೀನಿ, ಅಲ್ಲೀತನಕ ಸಣ್ಣ ತುತ್ತು, ಮೆತ್ತಗಿನ ಅನ್ನ."

"ನಮ್ಮನೇಲಿ ಬೀಳ್ಲಿಲ್ಲ ಎಂತಕ್ಕೆ ಹಂಗಾರೆ?" ಮಾಲತಿಯ ದನಿ ಈಗ ಸೋತಿತ್ತು.

ಉತ್ತರ ಬಂದದ್ದು ಹಾಸಿಗೆಯಿಂದ. ಅತ್ತೆ ಕಣ್ಣು ಬಿಟ್ಟಿದ್ದಳು. "ಮಗಳ ಗಂಡನ ಮನೇಲಿ ಬಾಯಿ ತುಂಬ ಉಂಬೂದನೆ ಯಾರಾದ್ರೂ? ನಿನ್ನತ್ತೆ ಎದುರಿಗೆ ಕೂತಿರ್ತಿತ್ತು. ಹೆಕ್ಕಿ ಹೆಕ್ಕಿ ತಿಂತಿದ್ದೆ." ಮಾಲತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ವಿನುತಾಳನ್ನು ನೋಡಲಿಲ್ಲ. ನೋಡಲಾರಳು ಎಂದು ವಿನುತಾಳಿಗೂ ಗೊತ್ತಿತ್ತು. ಇನ್ನು ಮುಂದೆ ಬಹುಶಃ ಎಂದೂ ನೋಡಲಾರಳು.

ನರೇಶ ಭಟ್ಕಳದಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಅತ್ತೆಯನ್ನು ವಾರ್ಡಿಗೆ ಹಾಕಿದ್ದರು. ಮಾಲತಿ ವರಾಂಡದಲ್ಲಿ ಅವನಿಗೆ ಎಲ್ಲ ಹೇಳುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಅವನು ತಲೆ ತಗ್ಗಿಸಿ ಕೇಳಿದ. ಕೇಳಿ ಮುಗಿದ ಮೇಲೆ ಒಳಗೆ ಬಂದು ತಾಯಿಯ ಕಾಲು ಮುಟ್ಟಿದ. ವಿನುತಾಳ ಎದುರು ನಿಂತು ಏನೋ ಹೇಳಲು ಬಾಯಿ ತೆರೆದ, ಎಷ್ಟೊಂದು ಭಾಷೆ ಬಲ್ಲವನು, ಒಂದರಲ್ಲೂ ಮಾತು ಸಿಗಲಿಲ್ಲ. ಕಣ್ಣು ಹಾಸಿಗೆಯ ಪಕ್ಕದ ಮೇಜಿನ ಮೇಲಿನ ಡಬ್ಬಿಗೆ ಹೋಯಿತು. "ಬೆಳಗಿಂದ ಎಂತದೂ ತಿನ್ಲಿಲ್ಲ," ಎಂದು ಅದನ್ನು ಎತ್ತಿಕೊಂಡು ಹೊರಗೆ ಹೋಗಿ, ಬೆಂಚಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು ಉಂಡ. ಯಾರ ಗಂಟಲನ್ನೂ ನೋಡಲಿಲ್ಲ. ಅದೇ ಅವನು ತಪ್ಪಾಯಿತು ಎನ್ನುವ ರೀತಿ ಇರಬೇಕು. ಡಬ್ಬಿಗೆ ಮುಚ್ಚಳ ಹಾಕಿ ತಂದು ಅದೇ ಮೇಜಿನ ಮೇಲಿಟ್ಟು, "ಉಪ್ಪು ಚೂರು ಕಮ್ಮಿ ಆಗಿತ್ತು," ಎಂದ. ಅಕ್ಕನನ್ನು ಬಾಡದ ಬಸ್ಸಿಗೆ ಹತ್ತಿಸಿ ಬರುವೆನೆಂದು ಹೋದ.

ವಾರ್ಡಿನಲ್ಲಿ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ವಿನುತಾ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತಳು. ಕೈ ಇನ್ನೂ ತೊಳೆದಿರಲಿಲ್ಲ, ಈಗ ಯಾರ ಭಯವೂ ಇಲ್ಲದೆ ತೊಳೆಯಬಹುದಿತ್ತು, ಏಳಲು ಮನಸ್ಸಾಗಲಿಲ್ಲ. ಅತ್ತೆ ತಲೆಯ ಮೇಲಿನ ಫ್ಯಾನು ನೋಡುತ್ತ ಮಲಗಿದ್ದಳು. ಇತ್ತ ತಿರುಗದೆ, "ಮೊದ್ಲೇ ಗೊತ್ತಿತ್ತು ನಂಗೆ," ಎಂದಳು.

"ಎಂತ ಅತ್ತೆ?"

"ನಿನ್ನ ಮೋರೆ ನೋಡ್ದೆ. ನೀ ಎಂತ ಬೇಡ್ಕಂತಿದ್ದೆ ಹೇಳಿ ಕಂಡ್ತು." ಅತ್ತೆ ಉಸಿರು ಎಳೆದುಕೊಂಡಳು. "ಅದ್ಕೇ ಅಗೀಲಿಲ್ಲ. ಅಗ್ದಿದ್ರೆ ಹೋಗ್ತಿತ್ತು ಅದು, ಸಲೀಸಾಗಿ. ಹಂಗೇ ನುಂಗ್ದೆ."

ಆ ಮನೆಯಲ್ಲಿ ಇಷ್ಟು ದಿನ ವಿನುತಾ ತಾನು ಒಬ್ಬಳೇ ಎಂದುಕೊಂಡಿದ್ದಳು. ಒಬ್ಬಳೇ ಆಗಿರಲಿಲ್ಲ, ದಿನಾ ಎದುರಿಗೆ ಕೂತು ಬಾಯಿ ತೆರೆಯುತ್ತಿದ್ದ ಒಂದು ಜೀವ ಇತ್ತು. ಬೀಳಲಿ ಎಂದು ತಾನು ಬೇಡಿಕೊಂಡದ್ದು ಅದೇ ಜೀವವನ್ನು ಕುರಿತು. ಇದನ್ನು ಯಾರ ಹತ್ತಿರ ಹೇಳುವುದು? ಗಂಡನಿಗೆ ಹೇಳುವಂತಿಲ್ಲ, ಶಿರಾಲಿಗೆ ಫೋನ್ ಮಾಡಿ ಹೇಳುವಂತಿಲ್ಲ, ಹೇಳಿದರೆ ಅರ್ಥವಾಗುವವಳು ಒಬ್ಬಳೇ, ಅವಳಿಗೆ ಆಗಲೇ ಗೊತ್ತಿದೆ. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದಳು, ಮೀನಿನ ವಾಸನೆ ಬಂತು, ಕೈ ಇಳಿಸಿದಳು.

ಅತ್ತೆ ನಿಧಾನ ಈ ಕಡೆ ತಿರುಗಿದಳು. "ಹಸಿವಾಗ್ತದೆ ವಿನುತಾ. ಸಣ್ಣದು ಮಾಡಿ ಕೊಡು," ಎಂದು ಬಾಯಿ ತೆರೆದಳು.

ವಿನುತಾ ಲಗುಬಗೆಯಿಂದ ಡಬ್ಬಿ ಎಳೆದುಕೊಂಡು ಮುಚ್ಚಳ ತೆಗೆದಳು. ನರೇಶ ಅದನ್ನು ಬೆರಳಿನಿಂದ ಸವರಿ ಉಂಡಿದ್ದ. ಒಳಗೆ ಒಂದು ಅಗುಳೂ ಇರಲಿಲ್ಲ. ಅತ್ತೆ ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು.